ಗ್ರಂಥಪಾಲಕರು ಒಪ್ಪಿಸಿ ಹೋಗುವುದೇನು?



ಶಾಲೆಯ ಗ್ರಂಥಪಾಲಕರೊಬ್ಬರು ನಿವೃತ್ತರಾಗುವ ದಿನ ಏನು ನಡೆಯುತ್ತದೆ ಎಂಬುದು ತಮಗೆ ತಿಳಿದದ್ದೇ. ಶಾಲು, ಹಾರ, ನಾಲ್ಕು ಒಳ್ಳೆಯ ಮಾತು, ಕೊನೆಗೆ ಒಂದು ಗ್ರೂಪ್ ಫೋಟೋ. ಸಹೋದ್ಯೋಗಿಗಳ ಕಣ್ಣು ತುಂಬಿ ಬರುತ್ತದೆ. ಮರುದಿನ ಗ್ರಂಥಾಲಯದ ಕೀಲಿಕೈ ಮುಖ್ಯಗುರುಗಳ ಮೇಜಿನ ಖಾನೆ ಸೇರುತ್ತದೆ. ಅದು ಅಲ್ಲಿಂದ ಮತ್ತೆ ಯಾವಾಗ ಹೊರಗೆ ಬರುತ್ತದೆ? ಇದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ. ಉತ್ತರಕ್ಕಾಗಿ ನಮ್ಮ ಭಾಗದ ಇತಿಹಾಸವನ್ನೇ ಒಮ್ಮೆ ನೋಡೋಣ.

ಕಲಬುರಗಿಯಿಂದ ಹೊರಟ ಬಸ್ಸು ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನು ದಾಟಿ, ಹುಮನಾಬಾದ್ ಮೂಲಕ ಬೀದರ್ ಸೇರುತ್ತದೆ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯಕ್ಕೆ ಮೊದಲು ಕಲಬುರಗಿ ರಾಜಧಾನಿಯಾಗಿತ್ತು. ಮುಂದಿನ ಶತಮಾನದಲ್ಲಿ ಬೀದರ್ ರಾಜಧಾನಿಯಾಯಿತು. ಅಲ್ಲಿ 1472ರಲ್ಲಿ ವಜೀರ ಮಹಮೂದ್ ಗವಾನರು ದೊಡ್ಡ ಮದರಸಾ ಕಟ್ಟಿಸಿದರು. ಅದರ ಗ್ರಂಥಾಲಯದಲ್ಲಿ 3,000 ಗ್ರಂಥಗಳಿದ್ದವೆಂದು ಇತಿಹಾಸಕಾರ ಫೆರಿಷ್ತಾ ದಾಖಲಿಸಿದ್ದಾನೆ. ಪ್ರತಿಯೊಂದನ್ನೂ ಕೈಯಿಂದಲೇ ಬರೆಯಬೇಕಿದ್ದ ಕಾಲದಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಆದರೆ 1481ರಲ್ಲಿ ಗವಾನರು ಸುಳ್ಳು ಆರೋಪಕ್ಕೆ ಗುರಿಯಾಗಿ ಸುಲ್ತಾನನ ಆಜ್ಞೆಯಿಂದ ಪ್ರಾಣ ಕಳೆದುಕೊಂಡರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಸಂಭವಿಸಿದ ಸ್ಫೋಟದಿಂದ ಕಟ್ಟಡದ ಒಂದು ಭಾಗ ಕುಸಿಯಿತು. ಇಂದು ನೀವು ಹೋದರೆ ಹೆಂಚಿನ ಬಣ್ಣ ಇನ್ನೂ ಉಳಿದಿರುವ ಮಿನಾರು ಕಾಣುತ್ತದೆ. ಆ ಪುಸ್ತಕಗಳ ಕಪಾಟು ಮಾತ್ರ ಕಾಣುವುದಿಲ್ಲ.

ಇನ್ನೊಂದು ಉದಾಹರಣೆ ಕಲಬುರಗಿ ನಗರದಲ್ಲಿಯೇ ಇದೆ. 1422ರಲ್ಲಿ ನಿಧನರಾದ ಹಜರತ್ ಖ್ವಾಜಾ ಬಂದೇ ನವಾಜರ ದರ್ಗಾದ ಗ್ರಂಥಾಲಯದಲ್ಲಿ ಅರಬ್ಬಿ, ಫಾರಸಿ, ಉರ್ದು ಗ್ರಂಥಗಳೂ ಹಸ್ತಪ್ರತಿಗಳೂ ಇವೆ. ಹಸ್ತಪ್ರತಿ ತಾನಾಗಿ ಉಳಿಯುವುದಿಲ್ಲ. ಒಬ್ಬರು ಜೋಡಿಸಿಟ್ಟದ್ದನ್ನು ಮತ್ತೊಬ್ಬರು ಕಾಯಬೇಕು, ಅವರು ಮುಂದಿನವರಿಗೆ ಒಪ್ಪಿಸಬೇಕು. ದಾನಿಯ ಔದಾರ್ಯದಿಂದ ಗ್ರಂಥಾಲಯ ಹುಟ್ಟುತ್ತದೆ. ಒಪ್ಪಿಸುವ ಕೈ ಮತ್ತು ಪಡೆಯುವ ಕೈ ಇದ್ದರೆ ಮಾತ್ರ ಬದುಕುತ್ತದೆ.

ವಿದ್ಯಾರ್ಥಿ ಮಿತ್ರರೇ, ಶಾಲೆಯ ಗ್ರಂಥಪಾಲಕರ ಕೆಲಸವೇನು? ಪುಸ್ತಕ ಬಂದ ಕೂಡಲೇ ಅದಕ್ಕೊಂದು ಕ್ರಮಸಂಖ್ಯೆ ಕೊಟ್ಟು ಲೇಖಕ, ಹೆಸರು, ಬೆಲೆ, ಬಿಲ್ಲಿನ ವಿವರಗಳನ್ನು ಆಕ್ಸೆಷನ್ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಮೊದಲ ಪುಟದ ಜೊತೆಗೆ ಒಳಗಿನ ಒಂದು ಗುಪ್ತ ಪುಟಕ್ಕೂ ಮುದ್ರೆ ಒತ್ತುತ್ತಾರೆ. ಬೆನ್ನಿಗೆ ವಿಷಯದ ಸಂಖ್ಯೆ ಅಂಟಿಸುತ್ತಾರೆ. ಅಮೆರಿಕದ ಡ್ಯೂಯಿ 1876ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಗಣಿತಕ್ಕೆ 510, ಭಾರತದ ಇತಿಹಾಸಕ್ಕೆ 954. ಇಷ್ಟೆಲ್ಲ ಮಾಡುವುದು ನೀವು ಕೇಳಿದ ಪುಸ್ತಕ ಎರಡು ನಿಮಿಷದಲ್ಲಿ ನಿಮ್ಮ ಕೈಗೆ ಸಿಗಲೆಂದು.

ನಮ್ಮ ಭಾಗದ ಗ್ರಂಥಪಾಲಕರಿಗೆ ಇನ್ನೊಂದು ಹೊಣೆಯಿದೆ. ಕಲಬುರಗಿ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸುತ್ತಿತ್ತು. 1956ರ ನವೆಂಬರ್ 1ರಂದು ನಾವು ಕನ್ನಡ ನಾಡಿನೊಡನೆ ಒಂದಾದೆವು. ಉರ್ದು, ಕನ್ನಡ, ಇಂಗ್ಲಿಷ್ ಮೂರನ್ನೂ ಓದಬಲ್ಲ ಗ್ರಂಥಪಾಲಕರು ನಿವೃತ್ತರಾದರೆ, ಹೆಸರನ್ನೂ ಓದಲಾಗದ ಹಳೆಯ ಪುಸ್ತಕ ಮುಂದೆ ರದ್ದಿಯ ಗಂಟು ಸೇರಬಹುದು. ಆದ್ದರಿಂದ ಅವರು ಇರುವಾಗಲೇ ಆ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೂ ಬರೆಸಿಟ್ಟುಕೊಳ್ಳಬೇಕು.

ಕೀಲಿಕೈ ಖಾನೆಯಲ್ಲೇ ಉಳಿಯುವುದಕ್ಕೆ ಮುಖ್ಯ ಕಾರಣ ಭಯ. ಅನೇಕ ಶಾಲೆಗಳಲ್ಲಿ ಗ್ರಂಥಾಲಯ ಒಬ್ಬ ಶಿಕ್ಷಕರ ಹೆಚ್ಚುವರಿ ಹೊಣೆ. ಪುಸ್ತಕ ಕಳೆದರೆ ತಮ್ಮ ಸಂಬಳದಿಂದ ಕಟ್ಟಬೇಕಾದೀತೆಂಬ ಚಿಂತೆಯಿಂದ ಅವರು ಕಪಾಟು ತೆರೆಯುವುದೇ ಇಲ್ಲ. ಆದರೆ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳನ್ನು ನೋಡಿ. ಓದಲು ಕೊಟ್ಟ ಪ್ರತಿ 1,000 ಪುಸ್ತಕಗಳಲ್ಲಿ ವರ್ಷಕ್ಕೆ 5 ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದರೆ, ಅದನ್ನು ಸಹಜ ನಷ್ಟವೆಂದೇ ಅವು ಪರಿಗಣಿಸುತ್ತವೆ. ನಮ್ಮ ಸಂಸ್ಥೆಗಳೂ ಇಂಥದ್ದೊಂದು ನಿಯಮವನ್ನು ಠರಾವಿನ ಮೂಲಕ ಮಾಡಿಕೊಳ್ಳಬಹುದಲ್ಲವೇ?

ಡಾ. ಎಸ್. ಆರ್. ರಂಗನಾಥನ್ ಗಣಿತದ ಅಧ್ಯಾಪಕರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ, ಬೇಸರದಿಂದ ಪಾಠಕ್ಕೇ ಮರಳಬೇಕೆಂದಿದ್ದರು. ಲಂಡನ್ನಿನಲ್ಲಿ ತರಬೇತಿ ಪಡೆದ ಮೇಲೆ ಬದುಕನ್ನೇ ಗ್ರಂಥಾಲಯಕ್ಕೆ ಮುಡಿಪಿಟ್ಟರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ಸಾರವಿಷ್ಟೇ: ಪುಸ್ತಕ ಬಚ್ಚಿಡಲಿಕ್ಕಲ್ಲ, ಓದುಗರ ಉಪಯೋಗಕ್ಕೆ. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ತರಬೇತಿ ಕೇಂದ್ರ ಕಟ್ಟಿ ಮುಂದಿನವರನ್ನು ತಯಾರು ಮಾಡಿದರು. 2020ರಲ್ಲಿ ಕರ್ನಾಟಕದಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟದ್ದೂ ಇದೇ ಹಾದಿಯ ಹೆಜ್ಜೆ. ಕಮಲಾಪುರದ ಸುತ್ತಲಿನ ಹಳ್ಳಿಯ ಮಗುವಿಗೂ ಕಲಬುರಗಿ ನಗರದ ಮಗುವಿಗೂ ಪುಸ್ತಕದ ಮೇಲೆ ಸಮಾನ ಹಕ್ಕಿದೆ.

ಆದ್ದರಿಂದ ಸಂಸ್ಥೆಯ ಸದಸ್ಯರಲ್ಲಿ ಒಂದು ವಿನಂತಿ. ಗ್ರಂಥಪಾಲಕರ ಬೀಳ್ಕೊಡುಗೆಗೆ ಒಂದು ತಿಂಗಳ ಮೊದಲೇ ಮುಂದಿನವರನ್ನು ಗೊತ್ತುಮಾಡಿ, ಇಬ್ಬರೂ ಕೂಡಿ ರಿಜಿಸ್ಟರ್ ಹಿಡಿದು ಪುಸ್ತಕ ಎಣಿಸಲಿ. ಸಭೆಯಲ್ಲಿ ಎಲ್ಲರ ಎದುರು ರಿಜಿಸ್ಟರೂ ಕೀಲಿಕೈಯೂ ಕೈಯಿಂದ ಕೈಗೆ ಹೋಗಲಿ. ಶಿಕ್ಷಕ ಬಂಧುಗಳೇ, ತಾವು ಮನೆಯ ಕಪಾಟನ್ನೂ ಒಮ್ಮೆ ನೋಡಿ. ಶಾಲೆಯ ಮುದ್ರೆಯಿರುವ ಪುಸ್ತಕವೊಂದು ವರ್ಷಗಳಿಂದ ಅಲ್ಲಿದ್ದರೆ, ಹಾರ ತರುವುದು ಬೇಡ, ಅದನ್ನು ತನ್ನಿ. ತಮ್ಮ ಹೆಸರಿನ ಮುಂದೆ 'ಮರಳಿ ಬಂದಿದೆ' ಎಂದು ಬರೆದು ಸಹಿ ಹಾಕುವುದಕ್ಕಿಂತ ದೊಡ್ಡ ಸನ್ಮಾನ ಗ್ರಂಥಪಾಲಕರಿಗೆ ಬೇರೆ ಇಲ್ಲ.