ಮೂತ್ರಪಿಂಡದ ಹರಳು: ನೋವು ನಿಂತರೆ ಕಾಯಿಲೆ ವಾಸಿಯಾದಂತಲ್ಲ

ಗೆಜ್ಜಲಗೆರೆ: ಕಬ್ಬಿನ ಗದ್ದೆಯಲ್ಲಿ ದುಡಿಯುವವರಾಗಲಿ, ಹೆದ್ದಾರಿ ಬದಿಯ ಕಾರ್ಖಾನೆಗಳಲ್ಲಿ ಪಾಳಿ ಮಾಡುವವರಾಗಲಿ, ಬೆವರಿದಷ್ಟು ನೀರು ಕುಡಿಯದಿದ್ದರೆ ಮೂತ್ರ ಗಾಢವಾಗುತ್ತದೆ. ಅದರಲ್ಲಿನ ಲವಣಗಳು ಮೂತ್ರಪಿಂಡದಲ್ಲಿ ಹರಳುಗಟ್ಟುತ್ತವೆ. ಮದ್ದೂರು ತಾಲ್ಲೂಕಿನ ಈ ಊರಿಗಷ್ಟೇ ಅಲ್ಲ, ರಾಜ್ಯದ ಎಲ್ಲ ಊರುಗಳಿಗೂ ಈ ಮಾತು ಅನ್ವಯಿಸುತ್ತದೆ.

ಹರಳು ಮೂತ್ರನಾಳಕ್ಕೆ ಜಾರಿ ಸಿಕ್ಕಿಕೊಂಡಾಗ ಪಕ್ಕೆಯಿಂದ ತೊಡೆಸಂದಿನವರೆಗೆ ತೀವ್ರ ನೋವು, ವಾಂತಿ, ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳಬಹುದು. ನೋವು ನಿಂತಾಕ್ಷಣ ಹರಳು ಹೊರಬಿತ್ತೆಂದು ಭಾವಿಸುವುದು ಅಪಾಯಕಾರಿ. ಅದು ಅಲ್ಲಿಯೇ ಉಳಿದು ಮೂತ್ರದ ಹರಿವಿಗೆ ತಡೆಯೊಡ್ಡಿದರೆ ಕೆಲವೇ ವಾರಗಳಲ್ಲಿ, ನೋವಿನ ಸುಳಿವೇ ಇಲ್ಲದೆ, ಮೂತ್ರಪಿಂಡಕ್ಕೆ ಶಾಶ್ವತ ಹಾನಿಯಾಗಬಹುದು. ಹರಳು ಹೋಗಿದೆಯೇ ಎಂಬುದನ್ನು ಸ್ಕ್ಯಾನಿಂಗ್ ಮೂಲಕವೇ ಖಚಿತಪಡಿಸಿಕೊಳ್ಳಬೇಕು.

ಚಿಕಿತ್ಸೆ ಹೇಗೆ?

ಹರಳಿನ ಗಾತ್ರ, ಸ್ಥಾನ ಹಾಗೂ ಗಡಸುತನವನ್ನು ಆಧರಿಸಿ ವೈದ್ಯರು ಚಿಕಿತ್ಸೆ ನಿರ್ಧರಿಸುತ್ತಾರೆ. 5 ಮಿ.ಮೀ.ಗಿಂತ ಚಿಕ್ಕ ಹರಳುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಬೀಳುತ್ತವೆ. ಯೂರಿಕ್ ಆಮ್ಲದ ಹರಳನ್ನು ಔಷಧದಿಂದ ಕರಗಿಸಬಹುದಾದರೂ, ಹೆಚ್ಚಾಗಿ ಕಂಡುಬರುವ ಕ್ಯಾಲ್ಸಿಯಂ ಹರಳು ಕರಗುವುದಿಲ್ಲ.

ದೇಹದ ಹೊರಗಿನಿಂದ ಆಘಾತ ತರಂಗ ಹಾಯಿಸಿ ಹರಳನ್ನು ಪುಡಿ ಮಾಡುವ ‘ಲಿಥೊಟ್ರಿಪ್ಸಿ’ 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ಬಳಕೆಗೆ ಬಂತು. ಮೂತ್ರನಾಳದಲ್ಲಿನ ಹರಳನ್ನು ಮೂತ್ರದ್ವಾರದ ಮೂಲಕ ಸೂಕ್ಷ್ಮ ದರ್ಶಕ ನಳಿಕೆ ತೂರಿಸಿ, ಲೇಸರ್‌ನಿಂದ ಒಡೆದು ತೆಗೆಯುತ್ತಾರೆ. ಮೂತ್ರಪಿಂಡದಲ್ಲಿ 2 ಸೆಂ.ಮೀ. ಮೀರಿದ ಹರಳಿದ್ದರೆ ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡುವ ‘ಪಿಸಿಎನ್‌ಎಲ್’ ಶಸ್ತ್ರಚಿಕಿತ್ಸೆ ಸಾಮಾನ್ಯ.

ಚಿಕಿತ್ಸೆಯ ವೇಳೆ ಮೂತ್ರನಾಳದಲ್ಲಿ ತಾತ್ಕಾಲಿಕವಾಗಿ ಸ್ಟೆಂಟ್ ಇರಿಸಿದ್ದರೆ, ವೈದ್ಯರು ಸೂಚಿಸಿದ ದಿನವೇ ತೆಗೆಸಬೇಕು. ಮರೆತು ಬಿಟ್ಟರೆ ಅದರ ಮೇಲೆಯೇ ಹರಳು ಬೆಳೆಯುತ್ತದೆ.

ತಡ ಮಾಡಬೇಡಿ

ನೋವಿನ ಜತೆಗೆ ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಈ ಭಾಗದವರಿಗೆ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಮಿಮ್ಸ್) ಆಸ್ಪತ್ರೆ ಹತ್ತಿರದಲ್ಲಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೊ-ಯುರಾಲಜಿ ಸಂಸ್ಥೆಯು ಇಂತಹ ಕಾಯಿಲೆಗಳಿಗೆಂದೇ ಮೀಸಲಾದ ಸರ್ಕಾರಿ ಸಂಸ್ಥೆ.

ಹಾಲು ಬಿಡಬೇಕೆ?

ಹರಳು ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು, ಉಪ್ಪು ಕಡಿಮೆ ಮಾಡಬೇಕು. ಹೃದ್ರೋಗ ಅಥವಾ ಮೂತ್ರಪಿಂಡ ವೈಫಲ್ಯ ಉಳ್ಳವರು ನೀರಿನ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಹರಳಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಹಾಲು ತ್ಯಜಿಸುವುದು ತಪ್ಪು. ಆಹಾರದಲ್ಲಿನ ಕ್ಯಾಲ್ಸಿಯಂ ಹರಳಿಗೆ ಮೂಲವಾದ ಆಕ್ಸಲೇಟನ್ನು ಕರುಳಿನಲ್ಲಿಯೇ ತಡೆಯುತ್ತದೆ. ಹಾಲಿನ ಡೇರಿಗೆ ಹೆಸರಾದ ಗೆಜ್ಜಲಗೆರೆಯವರು ಹರಳಿಗೆ ಹೆದರಿ ಹಾಲು ಬಿಡಬೇಕಿಲ್ಲ.