ಮಹಾಧಮನಿಯ ಸಂಕೋಚ: ಶಸ್ತ್ರಚಿಕಿತ್ಸೆಯ ತರುವಾಯದ ಚರಿತ್ರೆ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವವರು ಪ್ರಥಮ ವಿಜಯದ ದಿನವನ್ನು ಗುರುತಿಸಿ ಅಲ್ಲಿಗೆ ಅಧ್ಯಾಯವನ್ನು ಮುಗಿಸುವುದು ವಾಡಿಕೆ. ಆ ಬಳಿಕ ರೋಗಿಯು ಹೇಗೆ ಬಾಳಿದನೆಂಬ ಪ್ರಶ್ನೆ ಅವರ ಗಮನಕ್ಕೆ ಬರುವುದು ಅಪೂರ್ವ. ಈ ಪದ್ಧತಿಯ ನ್ಯೂನತೆಗೆ ಹುಟ್ಟಿನಿಂದಲೇ ಬರುವ ಮಹಾಧಮನಿಯ ಸಂಕೋಚವು ಒಳ್ಳೆಯ ನಿದರ್ಶನವೆಂದು ನಾವು ಭಾವಿಸುತ್ತೇವೆ.

ಹೃದಯದಿಂದ ಹೊರಟ ಮಹಾಧಮನಿಯು, ಸಾಮಾನ್ಯವಾಗಿ ಎಡತೋಳಿನ ಶಾಖೆಯನ್ನು ದಾಟಿದೊಡನೆ, ಕಿರಿದಾಗಿರುವುದೇ ಈ ದೋಷ. ಇದರಿಂದ ತಲೆ ಮತ್ತು ತೋಳುಗಳಲ್ಲಿ ರಕ್ತದ ಒತ್ತಡ ಏರುತ್ತದೆ. ಕಾಲುಗಳಲ್ಲಿ ನಾಡಿ ಕ್ಷೀಣಿಸುತ್ತದೆ. ಇಟಲಿಯ ಮೊರ್ಗಾಗ್ನಿ 1760ರಲ್ಲಿ ಸನ್ಯಾಸಿಯೊಬ್ಬನ ಶವಪರೀಕ್ಷೆಯಲ್ಲಿ ಇದನ್ನು ಕಂಡನು. ಮಾಂಟ್ರಿಯಲ್ಲಿನ ಮಾಡ್ ಆಬಟ್ 1928ರಲ್ಲಿ ಇಂತಹ 200 ಪ್ರಸಂಗಗಳನ್ನು ಕಲೆಹಾಕಿ ಪರಿಶೀಲಿಸಿದರು. ಚಿಕಿತ್ಸೆಯಿಲ್ಲದೆ, ಶೈಶವವನ್ನು ದಾಟಿ ಬದುಕಿದವರ ಸರಾಸರಿ ಆಯುಸ್ಸು ಸುಮಾರು 34 ವರ್ಷವೆಂದು ಕ್ಯಾಂಪ್‌ಬೆಲ್ 1970ರಲ್ಲಿ ಲೆಕ್ಕಹಾಕಿದರು. ಹೃದಯದ ಸೋಲು, ಮಹಾಧಮನಿಯ ಬಿರಿತ, ಹೃದಯದ ಒಳಪೊರೆಯ ಸೋಂಕು, ಮಿದುಳಿನಲ್ಲಿ ರಕ್ತಸ್ರಾವ ಇವೇ ಮರಣಕ್ಕೆ ಮುಖ್ಯ ಕಾರಣಗಳಾಗಿದ್ದುವು.

1944ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮಿನ ಕ್ಲಾರೆನ್ಸ್ ಕ್ರಾಫೋರ್ಡ್ ಒಬ್ಬ ಬಾಲಕನ ಮಹಾಧಮನಿಯ ಕಿರಿದಾದ ಭಾಗವನ್ನು ಕತ್ತರಿಸಿ ತೆಗೆದು, ಎರಡು ತುದಿಗಳನ್ನೂ ಹೊಲಿದು ಸೇರಿಸಿದರು. ಮರುವರ್ಷ ಬಾಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್ ಕೂಡ ಇದೇ ಕಾರ್ಯದಲ್ಲಿ ಯಶಸ್ವಿಯಾದರು. ತಡೆಯಿತ್ತು, ತಡೆ ನೀಗಿತು. ಆದಕಾರಣ ರೋಗಿಯು ಗುಣಹೊಂದಿದನೆಂದು ಅನೇಕರು ನಂಬಿದ್ದು ಸಹಜವೇ ಆಗಿತ್ತು.

ಈ ನಂಬಿಕೆಯನ್ನು ತಿದ್ದಿದ್ದು ಕಾಲವೇ. 1973ರಲ್ಲಿ ಮೇರನ್ ಮತ್ತು ಅವರ ಸಹೋದ್ಯೋಗಿಗಳು, ಶಸ್ತ್ರಚಿಕಿತ್ಸೆಯಾಗಿ ಬಹುವರ್ಷ ಕಳೆದವರಲ್ಲಿಯೂ ಅಧಿಕ ಒತ್ತಡ ಹಾಗೂ ಅಕಾಲ ಮರಣಗಳು ಕಂಡುಬರುವುದನ್ನು ತೋರಿಸಿದರು. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ 1946ರಿಂದ 1981ರ ವರೆಗೆ ಚಿಕಿತ್ಸೆ ಪಡೆದ 646 ಜನರ ವಿಚಾರವಾಗಿ 1989ರಲ್ಲಿ ಪ್ರಕಟವಾದ ಅಧ್ಯಯನವು ಇನ್ನೂ ಸ್ಪಷ್ಟವಾಗಿದೆ: ಹತ್ತು ವರ್ಷಗಳ ಅನಂತರ ಬದುಕಿದ್ದವರು ನೂರಕ್ಕೆ 91, ಇಪ್ಪತ್ತು ವರ್ಷಗಳ ಅನಂತರ 84, ಮೂವತ್ತು ವರ್ಷಗಳ ಅನಂತರ 72. ತೀರಿಕೊಂಡವರ ಸರಾಸರಿ ವಯಸ್ಸು 38. ಬಾಲ್ಯದಲ್ಲಿಯೇ ಶಸ್ತ್ರಚಿಕಿತ್ಸೆಯಾದವರ ಪಾಡು ಉತ್ತಮವಾಗಿತ್ತು. ಈ ಅಂಕಿಗಳಿಂದ ಕ್ರಾಫೋರ್ಡರ ಸಾಧನೆಯ ಹಿರಿಮೆ ಕುಂದುವುದಿಲ್ಲ. ಆದರೆ ಹೊಲಿಗೆಯಿಂದ ಕಥೆ ಮುಗಿಯಲಿಲ್ಲವೆಂಬುದು ಸಿದ್ಧವಾಗುತ್ತದೆ.

ಇದಕ್ಕೆ ಕಾರಣವೂ ಉಂಟು. ದೋಷವು ಒಂದು ಬಿಂದುವಿಗೆ ಸೀಮಿತವಾದುದಲ್ಲ. ಇಂತಹವರಲ್ಲಿ ಅನೇಕರಿಗೆ ಮಹಾಧಮನಿಯ ಕವಾಟದಲ್ಲಿ ಮೂರರ ಬದಲು ಎರಡೇ ದಳಗಳಿರುತ್ತವೆ; ರಕ್ತನಾಳದ ಗೋಡೆಯೂ ಪೆಡಸಾಗಿರಬಹುದು. ಚಿಕಿತ್ಸಾಕ್ರಮಗಳೂ ತಮ್ಮ ಗುರುತನ್ನು ಉಳಿಸಿ ಹೋಗುತ್ತವೆ. ಕೃತಕ ವಸ್ತ್ರದ ತೇಪೆ ಹಾಕಿದಲ್ಲಿ ವರ್ಷಗಳ ಮೇಲೆ ನಾಳವು ಉಬ್ಬುವುದುಂಟು. 1966ರಲ್ಲಿ ವಾಲ್ಡ್‌ಹೌಸೆನ್ ಮತ್ತು ನಾರ್ವಾಲ್ಡ್ ಪ್ರಕಟಿಸಿದ ಕ್ರಮದಲ್ಲಿ ಎಡತೋಳಿನ ಧಮನಿಯನ್ನೇ ತೇಪೆಯಾಗಿ ಬಳಸುವುದರಿಂದ, ಮುಂದೆ ಆ ತೋಳಿನಲ್ಲಿ ಅಳೆದ ಒತ್ತಡವು ನಿಜಕ್ಕಿಂತ ಕಡಿಮೆಯಾಗಿ ತೋರುತ್ತದೆ, ಬಲತೋಳಿನಲ್ಲಿ ಅಳೆಯಬೇಕು. ಇದನ್ನರಿಯದ ವೈದ್ಯನು ಅಪಾಯದಲ್ಲಿರುವವನನ್ನು ಆರೋಗ್ಯವಂತನೆಂದು ಕಳುಹಿಸಿಬಿಡಬಹುದು.

ಇಲ್ಲಿ ಇತಿಹಾಸಕಾರನ ಕಸುಬಿಗೂ ರೋಗಿಯ ಜೀವಕ್ಕೂ ನೇರವಾದ ಸಂಬಂಧ ಏರ್ಪಡುತ್ತದೆ. ಯಾವ ವರ್ಷ, ಯಾವ ಕ್ರಮದಿಂದ ಶಸ್ತ್ರಚಿಕಿತ್ಸೆ ನಡೆಯಿತೆಂಬ ಹಳೆಯ ಕಾಗದವು ಅವನ ಪಾಲಿಗೆ ಶಾಸನದಷ್ಟೇ ಬೆಲೆಯುಳ್ಳದ್ದು. ಶೈಶವದಲ್ಲಿ ಚಿಕಿತ್ಸೆ ಪಡೆದವನಿಗೆ ಅದರ ನೆನಪೇ ಇರದು. ಎದೆಯ ಪಕ್ಕದ ಗಾಯದ ಕಲೆಯೊಂದೇ ಅವನಿಗೆ ಉಳಿದ ಸಾಕ್ಷ್ಯ. ಆದಕಾರಣ ಆಜೀವ ಪರೀಕ್ಷೆ, ಒತ್ತಡದ ಹತೋಟಿ, ಅತಿಭಾರವನ್ನು ಎತ್ತುವುದರಲ್ಲಿ ಎಚ್ಚರ, ಗರ್ಭಧಾರಣೆಗೆ ಮುನ್ನ ತಜ್ಞರ ಸಲಹೆ ಇವು ಇಂದು ಒಪ್ಪಿತವಾದ ನಿಯಮಗಳಾಗಿವೆ.

ಹೀಗೆ ಈ ಚರಿತ್ರೆಯ ಉತ್ತರಾರ್ಧವನ್ನು ರಚಿಸಿದವರು ಶಸ್ತ್ರವೈದ್ಯರಷ್ಟೇ ಅಲ್ಲ. ದುಡಿದು, ಸಂಸಾರ ಹೂಡಿ, ಮತ್ತೆ ಮತ್ತೆ ಪರೀಕ್ಷೆಗೆ ಬಂದು ತಮ್ಮ ಬಾಳನ್ನೇ ಪ್ರಮಾಣವಾಗಿ ಒದಗಿಸಿದ ರೋಗಿಗಳೂ ಹೌದು. ಅವರನ್ನು ಬಿಟ್ಟು ಬರೆದ ಇತಿಹಾಸವು ಅಪೂರ್ಣವೆಂಬುದೇ ನಮ್ಮ ಅಭಿಪ್ರಾಯ.