ಶುಶ್ರೂಷೆ ಮತ್ತು ಕೈಗೆಲಸ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು ಶಾಸನತಜ್ಞ ಬಿ. ಎಲ್. ರೈಸ್ 19ನೆಯ ಶತಮಾನದ ಕೊನೆಯಲ್ಲಿ ಬೆಳಕಿಗೆ ತಂದಂದಿನಿಂದ ವಿದ್ವಾಂಸರು ಅವುಗಳಲ್ಲಿ ಬರುವ ಇಸಿಲ ಎಂಬ ಊರಿನ ಹೆಸರನ್ನೂ ಲಿಪಿಕಾರ ಚಪಡನು ಖರೋಷ್ಠಿ ಲಿಪಿಯಲ್ಲಿ ಬರೆದ ಒಂದು ಪದವನ್ನೂ ಹೆಚ್ಚಾಗಿ ಚರ್ಚಿಸುತ್ತ ಬಂದಿದ್ದಾರೆ. ಆರೈಕೆಯ ಚರಿತ್ರೆಯನ್ನು ಅರಸುವವರಿಗೆ ಮಾತ್ರ ಅಲ್ಲಿಯ ಬೇರೊಂದು ಪದ ಮುಖ್ಯವೆನಿಸುತ್ತದೆ. ತಂದೆತಾಯಿಗಳ ವಿಷಯದಲ್ಲಿ ಮಕ್ಕಳು ಹೇಗೆ ನಡೆದುಕೊಳ್ಳಬೇಕೆಂದು ಹೇಳುವಲ್ಲಿ ಬ್ರಹ್ಮಗಿರಿಯ ಶಾಸನ ಬಳಸುವ ‘ಸುಸೂಸಿತವಿಯೆ’ ಎಂಬ ಪ್ರಾಕೃತ ರೂಪವು ಸಂಸ್ಕೃತದ ‘ಶುಶ್ರೂಷಾ’ ಶಬ್ದದ ಬಳಗಕ್ಕೆ ಸೇರಿದ್ದು, ಅದರ ಮೂಲಾರ್ಥ ಕೇಳಬೇಕೆಂಬ ಇಚ್ಛೆ, ಎಂದರೆ ಹಿರಿಯರ ಮಾತಿಗೆ ಕಿವಿಗೊಟ್ಟು ನಡೆಯುವುದು. ಅದೇ ಶಬ್ದ ಕನ್ನಡದಲ್ಲಿ ಕಾಲಕ್ರಮೇಣ ರೋಗಿಯ ಆರೈಕೆ ಎಂಬ ಅರ್ಥದಲ್ಲಿ ನೆಲೆಗೊಂಡು, ಆಸ್ಪತ್ರೆಯ ನರ್ಸನ್ನು ಶುಶ್ರೂಷಕಿ ಎಂದು ಕರೆಯುವಷ್ಟು ದೂರ ಸಾಗಿದೆ.

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಬಿ.ಜಿ. ಕೆರೆ, ಎಂದರೆ ಬೊಮ್ಮಗೊಂಡನಕೆರೆ, ಇದೇ ತಾಲ್ಲೂಕಿನ ಊರು. ಮಳೆ ಕಡಿಮೆ ಬೀಳುವ ಈ ಸೀಮೆಯ ಬದುಕು ಬಹುಕಾಲದಿಂದ ಶೇಂಗಾ, ಕುರಿ, ಕಂಬಳಿ ಮತ್ತು ರೇಷ್ಮೆ ಮಗ್ಗಗಳನ್ನು ನಂಬಿಕೊಂಡಿದ್ದು, ಇಲ್ಲಿಯ ಕೈಗೆಲಸಗಳಲ್ಲಿ ಬಹುಪಾಲು ಕುಳಿತು ಮಾಡುವಂಥವು. ಆದ್ದರಿಂದ ಹೊಲಕ್ಕೆ ಹೋಗಲಾರದ ಮುದುಕರೂ ಕಾಯಿಲೆಯವರೂ ಮನೆಯ ದುಡಿಮೆಯಿಂದ ಪೂರ್ತಿ ಹೊರಗುಳಿಯುತ್ತಿರಲಿಲ್ಲ: ಉಣ್ಣೆ ಬಿಡಿಸುವುದು, ಕದಿರಿನಲ್ಲೋ ರಾಟೆಯಲ್ಲೋ ನೂಲು ತೆಗೆಯುವುದು, ಬಿತ್ತನೆಗೆಂದು ಶೇಂಗಾ ಸುಲಿಯುವುದು, ಮಗ್ಗದವರಿಗೆ ಕಂಡಿಕೆ ಸುತ್ತಿಕೊಡುವುದು ಇವೆಲ್ಲ ಅವರ ಪಾಲಿಗೆ ಬರುತ್ತಿದ್ದವು. ಇದನ್ನು ಯಾರೂ ಚಿಕಿತ್ಸೆ ಎಂದು ಕರೆದಿರಲಿಲ್ಲ, ಕರೆಯಬೇಕಾದ ಅಗತ್ಯವೂ ಇರಲಿಲ್ಲ. ಹಾಗೆಂದು ಅದನ್ನು ಹಳೆಯ ಕಾಲದ ಸುಖವೆಂದು ಬಣ್ಣಿಸುವುದೂ ತಪ್ಪಾಗುತ್ತದೆ, ಏಕೆಂದರೆ ಆ ಕೆಲಸದಲ್ಲಿ ಬಡತನದ ಪಾಲು ದೊಡ್ಡದಿತ್ತು.

ಚಟುವಟಿಕೆಯನ್ನೇ ಮದ್ದಾಗಿ ಬಳಸುವ ವಿದ್ಯೆಗೆ ಇಂಗ್ಲಿಷಿನಲ್ಲಿ ಆಕ್ಯುಪೇಷನಲ್ ಥೆರಪಿ ಎಂದೂ ಕನ್ನಡದ ಸರ್ಕಾರಿ ಬರಹಗಳಲ್ಲಿ ‘ಔದ್ಯೋಗಿಕ ಚಿಕಿತ್ಸೆ’ ಎಂದೂ ಹೆಸರು. ಈ ಅನುವಾದ ಓದುಗರನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ ಉದ್ಯೋಗವೆಂದರೆ ಸಂಬಳದ ನೌಕರಿ. ಈ ವಿದ್ಯೆಯ ‘ಆಕ್ಯುಪೇಷನ್’ ಎಂದರೆ ಮನುಷ್ಯನ ಹೊತ್ತನ್ನು ತುಂಬುವ ಎಲ್ಲವೂ, ಎಂದರೆ ಮುಖ ತೊಳೆಯುವುದು, ಉಡುವುದು, ಉಣ್ಣುವುದು, ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು, ದೇವರ ಮುಂದೆ ದೀಪ ಹಚ್ಚುವುದು. ಫಿಸಿಯೋಥೆರಪಿ ಕೀಲು ಮತ್ತು ಸ್ನಾಯುಗಳ ಚಲನೆಯಿಂದ ತೊಡಗಿದರೆ ಇದು ಆ ಚಲನೆಯಿಂದ ವ್ಯಕ್ತಿ ಏನು ಮಾಡಬಯಸುತ್ತಾನೆ ಎಂಬಲ್ಲಿಂದ ತೊಡಗುತ್ತದೆ. ಹಳ್ಳಿಗಳಲ್ಲಿ ಮಾತ್ರ ಎರಡಕ್ಕೂ ವ್ಯಾಯಾಮ ಮಾಡಿಸುವುದು ಎಂಬ ಒಂದೇ ಮಾತು ಸಾಕಾಗುತ್ತದೆ.

ಈ ವಿದ್ಯೆಯ ಹುಟ್ಟು ಮನೆಯಲ್ಲಿ ಆಗಲಿಲ್ಲ, ಹುಚ್ಚರೆಂದು ಕರೆಸಿಕೊಂಡವರನ್ನು ಕೂಡಿಹಾಕಿದ ಗೋಡೆಗಳ ಒಳಗೆ ಆಯಿತು. 18ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಫಿಲಿಪ್ ಪಿನೆಲ್ ಹಾಗೂ ಇಂಗ್ಲೆಂಡಿನ ಯಾರ್ಕ್ ಪಟ್ಟಣದ ವಿಲಿಯಂ ಟ್ಯೂಕ್ ಸಂಕೋಲೆಯ ಬದಲು ಕ್ರಮಬದ್ಧ ದಿನಚರಿ ಮತ್ತು ಕೆಲಸವನ್ನು ಕೊಟ್ಟು ನೋಡಿದರು. 1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬಲ್ಲಿ ಜಾರ್ಜ್ ಬಾರ್ಟನ್, ಎಲೀನರ್ ಕ್ಲಾರ್ಕ್ ಸ್ಲೇಗಲ್ ಮೊದಲಾದವರು ಸೇರಿ ಸಂಘ ಕಟ್ಟಿದಾಗ ಅದು ಸ್ವತಂತ್ರ ವೃತ್ತಿಯಾಯಿತು, ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು ಅದಕ್ಕೆ ಅನ್ನವನ್ನೂ ಗೌರವವನ್ನೂ ದೊರಕಿಸಿದರು. ಮೈಸೂರು ಸಂಸ್ಥಾನದಲ್ಲಿ ಇದರ ಹಾದಿ 1840ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯನ ಮೇಲ್ವಿಚಾರಣೆಯಲ್ಲಿ ಆರಂಭವಾದ ಹುಚ್ಚಾಸ್ಪತ್ರೆಗೆ ಹೋಗಿ ಮುಟ್ಟುತ್ತದೆ. 1925ರಲ್ಲಿ ಅದು ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆದು, 1930ರ ದಶಕದಲ್ಲಿ ಹೊಸೂರು ರಸ್ತೆಯ ಈಗಿನ ಜಾಗಕ್ಕೆ ಸ್ಥಳಾಂತರಗೊಂಡು, 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಂದಿಗೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿಯ ತೋಟದ ಕೆಲಸ, ನೇಯ್ಗೆ, ಮರಗೆಲಸ, ಮುಂದೆ ಬಂದ ಬೇಕರಿ ಇವೆಲ್ಲ ರೋಗಿಗಳಿಗೆ ಹೊತ್ತನ್ನೂ ಹದವನ್ನೂ ಕೊಟ್ಟದ್ದು ನಿಜ. ಆದರೆ ಇಂಥ ಆಸ್ಪತ್ರೆಗಳಲ್ಲಿ ರೋಗಿಯ ದುಡಿಮೆ ರೋಗಿಗಾಗಿ ನಡೆಯುತ್ತಿತ್ತೋ ಆಸ್ಪತ್ರೆಯ ಖರ್ಚು ಕಡಿಮೆಯಾಗಲೆಂದು ನಡೆಯುತ್ತಿತ್ತೋ ಎಂಬ ಪ್ರಶ್ನೆ ಲೋಕದ ಎಲ್ಲ ಕಡೆಯೂ ಎದ್ದಿದೆ, ಅದಕ್ಕೆ ಪೂರ್ಣ ಸಮಾಧಾನಕರವಾದ ಉತ್ತರ ದೊರೆತಿಲ್ಲ.

ಭಾರತದಲ್ಲಿ ಈ ವಿದ್ಯೆಯನ್ನು ಪಾಠವಾಗಿ ಕಲಿಸುವ ಮೊದಲ ಶಾಲೆ 1950ರಲ್ಲಿ ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಕಮಲಾ ನಿಂಬಕರ್ ಹುಟ್ಟಿನಿಂದ ಎಲಿಜಬೆತ್ ಲಂಡಿ ಎಂಬ ಅಮೆರಿಕದ ಮಹಿಳೆ. ಮಹಾರಾಷ್ಟ್ರದ ಮನೆತನಕ್ಕೆ ಸೊಸೆಯಾಗಿ ಬಂದು, ಈ ವಿದ್ಯೆಯನ್ನು ಫಿಲಡೆಲ್ಫಿಯಾದಲ್ಲಿ ಕಲಿತು, 1952ರಲ್ಲಿ ಔದ್ಯೋಗಿಕ ಚಿಕಿತ್ಸಕರ ಅಖಿಲ ಭಾರತ ಸಂಘವನ್ನೂ ಸ್ಥಾಪಿಸಿದವರು.

ಆ ಕಾಲದ ಚಿಕಿತ್ಸಾ ಕೊಠಡಿಗಳಲ್ಲಿ ಮಗ್ಗಕ್ಕೆ ದೊಡ್ಡ ಸ್ಥಾನವಿತ್ತು. ಕಾಲಿನಿಂದ ತುಳಿಯುವ ಹಲಗೆ ಪಾದದ ಮತ್ತು ಮಂಡಿಯ ಕೀಲುಗಳನ್ನು ಆಡಿಸುತ್ತದೆ, ಲಾಳಿ ಎಸೆಯುವಾಗ ಭುಜ ಹಾಗೂ ಮಣಿಕಟ್ಟು ದುಡಿಯುತ್ತವೆ, ಎಳೆ ಕಡಿದಾಗ ಗಂಟು ಹಾಕುವ ಬೆರಳಿಗೆ ಸೂಕ್ಷ್ಮ ಚಲನೆ ಮರಳಿ ಬರುತ್ತದೆ, ಇವೆಲ್ಲದರ ಜೊತೆಗೆ ಸಂಜೆಯ ಹೊತ್ತಿಗೆ ಅಂಗೈ ಅಗಲದ ಬಟ್ಟೆಯೊಂದು ಕಣ್ಣಿಗೆ ಕಾಣುತ್ತದೆ ಎಂಬುದು ಚಿಕಿತ್ಸಕರ ಲೆಕ್ಕ. ಬಿ.ಜಿ. ಕೆರೆಗೆ ಹತ್ತಿರದ ಕೊಂಡ್ಲಹಳ್ಳಿ ಮತ್ತು ಮೊಳಕಾಲ್ಮೂರು ಪೇಟೆಯ ರೇಷ್ಮೆ ನೇಕಾರರಿಗೆ ಈ ಲೆಕ್ಕ ವಿಚಿತ್ರವಾಗಿ ಕಂಡೀತು. ಭೌಗೋಳಿಕ ಗುರುತು ಪಡೆದಿರುವ ಮೊಳಕಾಲ್ಮೂರು ಸೀರೆ ನೆಲದಲ್ಲಿ ತೋಡಿದ ಗುಣಿಯೊಳಗೆ ಕಾಲಿಳಿಬಿಟ್ಟು ಕುಳಿತು ನೇಯುವ ಗುಣಿಮಗ್ಗದ ಫಲ; ದಿನವಿಡೀ ಬೆನ್ನು ಬಗ್ಗಿಸಿ ಕೂರುವ, ಅರೆಬೆಳಕಿನಲ್ಲಿ ಎಳೆ ಹುಡುಕುವ ಆ ಕೆಲಸ ಸೊಂಟ, ಮಂಡಿ, ಕಣ್ಣು ಮೂರನ್ನೂ ಸವೆಸುತ್ತದೆ. ಅಂದರೆ ಆಸ್ಪತ್ರೆಯಲ್ಲಿ ಅರ್ಧ ಗಂಟೆ ಮದ್ದಾದದ್ದು ಊರಿನಲ್ಲಿ ಹತ್ತು ಗಂಟೆ ರೋಗವಾಗುತ್ತಿತ್ತು; ಇದನ್ನು ಮರೆತು ಕೈಗೆಲಸವನ್ನು ಕೊಂಡಾಡುವ ಬರಹಗಳು ಬಹಳ ಇವೆ. ಇದರ ಮೇಲೆ ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದ್ದು, ಅದನ್ನು ವರ್ಷಗಟ್ಟಲೆ ಕುಡಿದವರ ಕೀಲುಗಳೂ ಬೆನ್ನುಮೂಳೆಯೂ ಸೆಡೆತು ಬಗ್ಗದಂತಾಗುವ ಫ್ಲೋರೋಸಿಸ್ ಎಂಬ ರೋಗವನ್ನು ಸೇರಿಸಿಕೊಂಡರೆ, ಈ ಸೀಮೆಯಲ್ಲಿ ನಿತ್ಯದ ಕೆಲಸ ಕೈಬಿಡಲು ಎಷ್ಟು ಕಾರಣಗಳಿವೆ ಎಂಬುದು ತಿಳಿಯುತ್ತದೆ.

ಚಿಕಿತ್ಸೆ ಗೋಡೆ ದಾಟಿ ಹಳ್ಳಿಗೆ ಬಂದದ್ದು 1970ರ ದಶಕದ ನಂತರ. ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ರೋಗಿಗಳನ್ನು ಅವರ ಊರಿನಲ್ಲಿಯೇ ನೋಡಿಕೊಳ್ಳಬಹುದೆಂದು ತೋರಿಸಿ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂಗವಿಕಲರ ವಿಷಯದಲ್ಲಿ ಸಮುದಾಯ ಆಧಾರಿತ ಪುನರ್ವಸತಿ ಎಂಬ ವಿಚಾರವನ್ನು ವಿಶ್ವ ಆರೋಗ್ಯ ಸಂಸ್ಥೆ ಅದೇ ಕಾಲದಲ್ಲಿ ಮುಂದಿಟ್ಟಿತು. ಕರ್ನಾಟಕದಲ್ಲಿ ಅದು ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಗ್ರಾಮ ಪಂಚಾಯಿತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಎಂಬ ವ್ಯವಸ್ಥೆಯಾಗಿ ರೂಪುಗೊಂಡಿತು. ಸ್ವತಃ ಅಂಗವಿಕಲರೇ ಗೌರವಧನಕ್ಕೆ ದುಡಿಯುವ ಈ ವ್ಯವಸ್ಥೆಯಲ್ಲಿ ಪಿಂಚಣಿ ಅರ್ಜಿ ಮತ್ತು ಗುರುತಿನ ಚೀಟಿಯ ಓಡಾಟವೇ ಬಹುಪಾಲು ಹೊತ್ತನ್ನು ನುಂಗುತ್ತದೆ.

ಗುಣವಾಗದ ರೋಗಿಯ ಕಡೆಗೆ ಈ ವಿದ್ಯೆ ತಿರುಗಿದ್ದು ಇನ್ನೂ ತಡವಾಗಿ. ಸಾವಿಗೆ ಹತ್ತಿರವಾದವರ ನೋವನ್ನು ತಗ್ಗಿಸಿ ಉಳಿದ ದಿನಗಳನ್ನು ನೆಮ್ಮದಿಯಿಂದ ಕಳೆಯಲು ನೆರವಾಗುವ ಹಾಸ್ಪೈಸ್ ಎಂಬ ಆರೈಕೆ ಕೇಂದ್ರದ ಆಧುನಿಕ ರೂಪ 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಕಟ್ಟಿದ ಸೇಂಟ್ ಕ್ರಿಸ್ಟೋಫರ್ಸ್‌ನಿಂದ ಆರಂಭವಾಗಿ, 1986ರಲ್ಲಿ ಮುಂಬೈನ ಶಾಂತಿ ಅವೇದನಾ ಮೂಲಕ ಭಾರತಕ್ಕೆ ಬಂತು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಮೊದಲು ಕ್ಯಾನ್ಸರ್ ರೋಗಿಗಳ ಮನೆಗಳಿಗೇ ತಂಡ ಕಳುಹಿಸಿ, 1999ರಲ್ಲಿ ಮಾರತಹಳ್ಳಿಯ ಬಳಿ ಕರುಣಾಶ್ರಯ ಎಂಬ ಕಟ್ಟಡವನ್ನು ತೆರೆಯಿತು. ಅಲ್ಲಿಯ ಸೇವೆ ಉಚಿತ. ಮನೆ ಮೊದಲು, ಕಟ್ಟಡ ಆಮೇಲೆ ಎಂಬ ಈ ಕ್ರಮ ಹುಚ್ಚಾಸ್ಪತ್ರೆಯ ಚರಿತ್ರೆಗೆ ತೀರ ವಿರುದ್ಧವಾದದ್ದು. ಇಲ್ಲಿ ಔದ್ಯೋಗಿಕ ಚಿಕಿತ್ಸೆಯ ಗುರಿಯೂ ಬದಲಾಗುತ್ತದೆ. ಕಳೆದುಕೊಂಡ ಶಕ್ತಿಯನ್ನು ಮರಳಿ ತರುವ ಮಾತು ಇಲ್ಲಿ ಬರುವುದಿಲ್ಲ; ಉಳಿದ ಅಲ್ಪ ಶಕ್ತಿಯನ್ನು ಎಲ್ಲಿ ಖರ್ಚು ಮಾಡಬೇಕೆಂದು ರೋಗಿಯನ್ನೇ ಕೇಳಿ, ಸ್ನಾನಕ್ಕೆ ಇತರರ ನೆರವು ಪಡೆದು ಆ ಉಸಿರನ್ನು ಮಗಳೊಂದಿಗೆ ಅರ್ಧ ತಾಸು ಮಾತನಾಡಲು ಉಳಿಸಿಕೊಳ್ಳುವ ದಾರಿ ತೋರಿಸುವುದು ಚಿಕಿತ್ಸಕರ ಕೆಲಸವಾಗುತ್ತದೆ. ಶುಶ್ರೂಷೆಯ ಹಳೆಯ ಅರ್ಥ, ಕೇಳಬೇಕೆಂಬ ಇಚ್ಛೆ, ಇಲ್ಲಿ ತಾಂತ್ರಿಕ ಅಗತ್ಯವೇ ಆಗಿಬಿಡುತ್ತದೆ.

ಬಯಲುಸೀಮೆಯ ಮನೆಯೊಳಗೆ ಈ ಕೆಲಸ ಹೊಸ್ತಿಲಿನಿಂದ ಶುರುವಾಗುತ್ತದೆ. ಎತ್ತರದ ಹೊಸ್ತಿಲು, ಹೊರಗಿರುವ ಬಚ್ಚಲು, ಕುಕ್ಕರಗಾಲಿನಲ್ಲಿ ಕೂರಬೇಕಾದ ಶೌಚಾಲಯ ಇವು ಲಕ್ವ ಹೊಡೆದವರ ಪಾಲಿಗೆ ಬೆಟ್ಟವಿದ್ದಂತೆ. ನಡುವೆ ತೂತು ಕೊರೆದ ಪ್ಲಾಸ್ಟಿಕ್ ಕುರ್ಚಿ, ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು ಎತ್ತರಿಸಿದ ಮಂಚ, ಹಿಡಿದು ಎದ್ದು ಕೂರಲು ಮಂಚದ ಕಾಲುದೆಸೆಗೆ ಕಟ್ಟಿದ ಹಗ್ಗ ಇಂಥ ಅಗ್ಗದ ಉಪಾಯಗಳಿಂದ ಎಷ್ಟೋ ಕೆಲಸ ಸಲೀಸಾಗುತ್ತದೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣು ಏಳುತ್ತದೆ. ಇಲ್ಲಿಯ ಕಂಬಳಿ ಬೆಚ್ಚಗಿದ್ದರೂ, ಹುಣಸೆಬೀಜದ ಅಂಟು ಹಾಕಿದ ಅದರ ಒರಟು ಮೈ ಸೊರಗಿದ ಚರ್ಮಕ್ಕೆ ಒಗ್ಗುವುದಿಲ್ಲವಾದ್ದರಿಂದ ಮೇಲೆ ಮೆತ್ತನೆಯ ಹತ್ತಿಬಟ್ಟೆ ಹಾಸಬೇಕಾಗುತ್ತದೆ. ಊಟದ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಮುದ್ದೆ ಮುರಿದು, ಉಂಡೆಗಟ್ಟಿ, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವ ಕ್ರಮ ಬಲಗೈಯ ಬೆರಳುಗಳ ಮೇಲೂ ಗಂಟಲಿನ ಮೇಲೂ ನಿಂತಿದ್ದು, ಬಲಭಾಗ ಸೋತವರಿಗೆ ಎಡಗೈಯಲ್ಲಿ ಉಣ್ಣುವುದು ನಾಚಿಕೆಯ ಸಂಗತಿ, ನುಂಗಲು ಕಷ್ಟವಾದವರಿಗೆ ಮುದ್ದೆ ಅಪಾಯಕಾರಿ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟರೆ ಪಠ್ಯಪುಸ್ತಕದ ಪ್ರಶ್ನೆಗೆ ಉತ್ತರ ಸಿಕ್ಕಂತಾದರೂ, ಜೀವಮಾನವಿಡೀ ಚಮಚ ಹಿಡಿಯದ ಮುದುಕನಿಗೆ ಅದು ಊಟವೆನಿಸುವುದಿಲ್ಲ.

ಇವನ್ನೆಲ್ಲ ದಿನವೂ ಮಾಡುವವರು ಬಹುಮಟ್ಟಿಗೆ ಮನೆಯ ಸೊಸೆಯಂದಿರು, ಹೆಂಡಂದಿರು, ಹೆಣ್ಣುಮಕ್ಕಳು; ಅವರ ಬೆನ್ನುನೋವು ಯಾವ ದಾಖಲೆಗೂ ಸೇರಿಲ್ಲ. ಸಂಸತ್ತು 2021ರಲ್ಲಿ ಅಂಗೀಕರಿಸಿದ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಔದ್ಯೋಗಿಕ ಚಿಕಿತ್ಸಕರನ್ನು ಮನ್ನಣೆ ಪಡೆದ ವೃತ್ತಿಗಳ ಪಟ್ಟಿಯಲ್ಲಿ ಸೇರಿಸಿ, ಅವರ ಶಿಕ್ಷಣಕ್ಕೂ ನೋಂದಣಿಗೂ ಒಂದು ಚೌಕಟ್ಟು ಹಾಕಿತು. ಮುಂಬೈನ ಮೊದಲ ಶಾಲೆಗೂ ಈ ಕಾಯ್ದೆಗೂ ನಡುವಿನ ಅಂತರ 71 ವರ್ಷ.